ಅರ್ಧ ಸುತ್ತು ಸಡಿಲ ಬಿಟ್ಟ ಸ್ಕ್ರೂ

ಮದ್ದೂರು ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಬಾಬು ಜಾನ್ ಅವರ ವಾಚ್ ರಿಪೇರಿ ಅಂಗಡಿ ಇದೆ. ಅಂಗಡಿ ಅನ್ನುವುದು ಮರ್ಯಾದೆಯ ಮಾತು. ಅವರು ಒಳಗೆ ಕೂತರೆ ಗಿರಾಕಿ ರಸ್ತೆಯಲ್ಲೇ ನಿಲ್ಲಬೇಕು. ನಲವತ್ತು ವರ್ಷದಿಂದ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಲ್ಲೇ ಕೂತಿದ್ದಾರೆ. ಮಾತು ಕಡಿಮೆ. ಆ ಮನುಷ್ಯನಿಗೆ ನಾನು ಎಷ್ಟು ಋಣಿ ಅನ್ನುವುದನ್ನು ಹೇಳಿಬಿಡುತ್ತೇನೆ.

ನಮ್ಮಪ್ಪ ಜವರಯ್ಯ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ದುಡಿದವರು. ನಿವೃತ್ತರಾದ ದಿನ ಅವರ ಎಂಜಿನಿಯರು ತಮ್ಮ ಕೈಯಲ್ಲಿದ್ದ ಸ್ವಿಸ್ ವಾಚನ್ನೇ ಬಿಚ್ಚಿ ಅಪ್ಪನಿಗೆ ಕಟ್ಟಿದ್ದರು. ಸ್ನಾನದ ಹೊತ್ತು ಬಿಟ್ಟರೆ ಅಪ್ಪ ಅದನ್ನು ತೆಗೆದವರಲ್ಲ. ಹೋದ ವರ್ಷ ಅದು ನಿಧಾನವಾಯಿತು. "ಬಾಬು ಅತ್ರ ಕೊಡ್ಲಾ" ಅಂದರು ಅಪ್ಪ. ಇಂಥ ವಾಚು ಗೂಡಂಗಡಿಗೆ ಯಾಕೆ ಅಂತ ನಾನೇ ಜಂಬದಿಂದ ಮೈಸೂರಿನ ದೊಡ್ಡ ಅಂಗಡಿಗೆ ಕೊಟ್ಟೆ. ಒಂದೂವರೆ ತಿಂಗಳಿಗೆ ಫಳಫಳ ಹೊಳೆಯುತ್ತಾ ಬಂತು, ಮಧ್ಯಾಹ್ನಕ್ಕೆ ನಿಂತೇಹೋಯಿತು. ಎರಡು ಸಲ ವಾಪಸ್ ಒಯ್ದೆ. ಕೌಂಟರಿನ ಹುಡುಗಿಯ ಮೇಲೆ ಕೂಗಾಡಿದೆ, ಒಳಗಿನ ಅಸಲಿ ಭಾಗ ಕದ್ದಿದ್ದೀರಿ ಅಂದೆ. ಆಕೆ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು.

"ಬ್ಯಾಡ ಅಂದ್ರೂ ಒಯ್ದು ಆಳ್ ಮಾಡ್ಕಂಬಂದೆ" ಅಂದ ಅಪ್ಪ ಅಲ್ಲಿಗೆ ನನ್ನ ಜೊತೆ ಮಾತು ಬಿಟ್ಟರು. ಒಂದೇ ಮನೆಯಲ್ಲಿ ಎರಡು ತಿಂಗಳು! ಊಟದ ಮಧ್ಯೆ ಉಪ್ಪು ಬೇಕಾದರೂ ನನ್ನ ಹೆಂಡತಿ ಶ್ವೇತಳನ್ನೇ ಕೂಗುವುದು. ಮೇಲೆ ಬಿಗುಮಾನ, ಒಳಗೆ ನನಗೆ ಅಳುವೇ ಬರುತ್ತಿತ್ತು.

ಕೊನೆಗೆ ಬಾಬಣ್ಣನ ಹತ್ತಿರ ಹೋದೆ. ಅವರು ವಾಚಿನ ಹಿಂದಿನ ಮುಚ್ಚಳ ತೆಗೆದರು. ರಿಪೇರಿ ಮಾಡಿದವರು ಅದರ ಒಳಮೈಗೆ ಸೂಜಿಯಲ್ಲಿ ಗೀಚಿ ಗುರುತು ಹಾಕುವುದು ಆ ಕಸುಬಿನ ರೂಢಿಯಂತೆ. ಬಾಬಣ್ಣ ಆ ಗೀಚುಗಳನ್ನು ಬೆಳಕಿಗೆ ಹಿಡಿದು ನೋಡತೊಡಗಿದರು. ನಾನು ಮೈಸೂರಿನವರನ್ನು ಬಯ್ಯುತ್ತಲೇ ಇದ್ದೆ.

"ಅವ್ರನ್ನ ಬಯ್ಬ್ಯಾಡಿ ಸಿವರಾಜಣ್ಣ. ಇದು ನನ್ ಗುರ್ತು. ಅನ್ನೆಲ್ಡ್ ವರ್ಸದ ಇಂದೆ ನಿಮ್ಮಪ್ಪಾರು ತಂದಿದ್ರು. ಅಸ್ಲಿ ಸ್ಕ್ರೂ ನನ್ ಕೈಲೇ ಕಳ್ದೋಯ್ತು. ಬ್ಯಾರೆ ವಾಚಿಂದು ಆಕ್ದೆ, ಅದು ಕೂದ್ಲಷ್ಟು ಉದ್ದ. ಚಕ್ರಕ್ಕೆ ತಗುಲ್ದಂಗೆ ಅರ್ದ ಸುತ್ತು ಸಡ್ಲ ಬುಟ್ಟಿದ್ದೆ. ಅವ್ರು ಸರ್ಯಾಗೇ ಬಿಗಿ ಮಾಡವ್ರೆ. ತಪ್ಪು ನಂದು."

ಈ ಹನ್ನೆರಡು ವರ್ಷದಲ್ಲಿ ಅಪ್ಪನಿಗೆ ಹೇಳಿದ್ದಿರಾ ಅಂತ ಕೇಳಿದೆ.

"ಎದ್ರುಕಂಡು ಏಳ್ನಿಲ್ಲ."

ಸುಮ್ಮನೆ ಸ್ಕ್ರೂ ಬದಲಿಸಿ, ಮೈಸೂರಿನವರು ಕೆಡಿಸಿದ್ದರು ಅಂದಿದ್ದರೆ ನಾನು ಕೈಮುಗಿದು ಬರುತ್ತಿದ್ದೆ. ಆ ಗೀಚು ಯಾರದು ಅಂತ ನನಗೇನು ಗೊತ್ತು?

ಅಸಲಿ ಸ್ಕ್ರೂ ಹುಡುಕಿಸಿ ಹಾಕಲು ಅವರಿಗೆ ಹದಿನೈದು ದಿನ ಹಿಡಿಯಿತು. ಆದರೂ ವಾಚನ್ನು ನನ್ನ ಕೈಗೆ ಕೊಡಲಿಲ್ಲ. ಅಂಗಡಿ ಮುಚ್ಚಿ, ಮಳವಳ್ಳಿಯಲ್ಲಿ ಬಸ್ಸು ಬದಲಿಸಿ ಶಿವನಸಮುದ್ರದ ಹತ್ತಿರದ ನಮ್ಮ ಮನೆಗೇ ಬಂದರು. ಜಗುಲಿಯಲ್ಲಿ ಅಪ್ಪನ ಮುಂದೆ ನಿಂತು, ನನಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. "ನಿಮ್ಮಗಂದು ಏನೂ ತಪ್ಪಿಲ್ಲ ಗೌಡ್ರೇ."

ಅಪ್ಪ ವಾಚನ್ನು ಕಿವಿಗೆ ಹಿಡಿದು ಕೇಳಿದರು. "ಸಡ್ಲ ಸ್ಕ್ರೂನಲ್ಲೇ ಅನ್ನೆಲ್ಡ್ ವರ್ಸ ಓಡಿಸ್ದಲ್ಲಾ ಬಾಬು. ಕೂತ್ಕೊ, ಉಂಡ್ಕೊಂಡು ಓಗು" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಸಿವರಾಜ, ನಾನೂ ದುಡುಕ್ಬುಟ್ಟೆ ಕಣ್ಲಾ. ತಪ್ಪಾಯ್ತು."

ನನ್ನ ಐವತ್ತು ವರ್ಷದಲ್ಲಿ ಅಪ್ಪನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಬಾಬಣ್ಣ ತಾವಾಗಿ ಬಂದು ತಲೆ ತಗ್ಗಿಸಿ ನಿಲ್ಲದಿದ್ದರೆ ನನಗೆ ಅಪ್ಪ ಮತ್ತೆ ಸಿಗುತ್ತಿರಲಿಲ್ಲ.

ಅವರಿಬ್ಬರೂ ಮುದ್ದೆಗೆ ಕೂತಾಗ ನಾನು ಹಿತ್ತಿಲಿಗೆ ಹೋಗಿ ಮೈಸೂರಿನ ಅಂಗಡಿಗೆ ಫೋನ್ ಮಾಡಿದೆ. ಎತ್ತಿದ್ದು ಅದೇ ಹುಡುಗಿ. ನನ್ನ ಹೆಸರು ಕೇಳಿದ್ದೇ ತಡ, "ಬೇರೆಯವರನ್ನ ಕರೀತೀನಿ ಸಾರ್" ಅಂದಳು.

"ಫೋನ್ ಇಡ್ಬ್ಯಾಡ ಕಣಮ್ಮ" ಅಂದೆ. "ಬಯ್ಯಕ್ಕೆ ಮಾಡಿಲ್ಲ."