ಬಲಗಡೆಯ ಸ್ಪೀಕರ್

ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳ ಒಂದು ಶನಿವಾರ ಸಂಜೆ ನಾಲ್ಕೂಕಾಲು ಗಂಟೆಗೆ, ನಂತೂರಿನಿಂದ ಶಕ್ತಿನಗರದ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಾನು ನಿಂತಿದ್ದೆ. ಬೆನ್ನಿಗೆ ಗಾಜಿನ ಬಾಗಿಲು. ಎದುರಿನ ಮೇಜಿನ ಮೇಲೆ ಒಂದು ಜೊತೆ ಸ್ಪೀಕರ್. ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಎರಡು ಪೆಟ್ಟಿಗೆಗಳಿಗೂ ಸರಿ ನಡುವೆ ನಿಂತಿದ್ದೆ. ಸರಿ ನಡುವೆ ಎಂದು ಖಂಡಿತವಾಗಿ ಹೇಳಬಲ್ಲೆ, ಯಾಕೆಂದರೆ ನೆಲದ ಟೈಲ್ಸ್ ಎಣಿಸಿ ಆ ಜಾಗ ಗುರುತಿಸಿದವನು ನಾನೇ.

ನಾನು ಅಲ್ಲಿಗೆ ಹೋದ ಕಾರಣವನ್ನೂ ಹೇಳಬೇಕು. ಶಾಲೆಯಿಂದ ನಿವೃತ್ತನಾದ ಮೇಲೂ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಗಾಯನ ಮಂಡಳಿಯನ್ನು ನಾನೇ ನಡೆಸುತ್ತಿದ್ದೆ. ಮೊಂತಿ ಹಬ್ಬ ಹತ್ತಿರ ಬಂದಿತ್ತು. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮೇರಿ ಮಾತೆಗೆ ಅರ್ಪಿಸುವ ಆ ಒಂಬತ್ತು ದಿನಗಳ ಪ್ರಾರ್ಥನೆಗೆ ಹಾಡೇ ಜೀವಾಳ. ಆದರೆ ಸುಮಾರು ಒಂದು ವರ್ಷದಿಂದ, ಎತ್ತರದ ಸ್ವರ ಹಾಡುವ ಆರು ಮಂದಿ ಹೆಂಗಸರ ದನಿ ನನಗೆ ಸಾಲುತ್ತಿರಲಿಲ್ಲ. ಇನ್ನೂ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಎನ್ನುತ್ತಿದ್ದೆ. ಅವರು ನನ್ನ ಬಲಕ್ಕೆ ನಿಲ್ಲುತ್ತಿದ್ದರು. ಕೀಬೋರ್ಡಿನ ಪ್ಲಗ್ ಪಾಯಿಂಟ್ ಎಡಗೋಡೆಯಲ್ಲಿ ಇದ್ದುದರಿಂದ ಅವರಿಗೆ ಉಳಿದದ್ದು ಬಲಗಡೆ. ಅದಕ್ಕೆ ಬೇರೆ ಕಾರಣವೇನೂ ಇರಲಿಲ್ಲ.

ಅಭ್ಯಾಸವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟೆ. ಅವರನ್ನು ದೇರೆಬೈಲಿನ ನಮ್ಮ ಮನೆಗೆ ಕರೆದು, ಕಂಪ್ಯೂಟರಿಗೆ ಒಳ್ಳೆಯ ಸ್ಪೀಕರ್ ಹಾಕಿ, ನಿಮ್ಮ ದನಿ ಎಷ್ಟು ಬಡವಾಗಿದೆ ನೀವೇ ಕೇಳಿ ಎನ್ನುವುದು ನನ್ನ ಯೋಚನೆ. ಆಗಲೂ ಸುಧಾರಿಸದಿದ್ದರೆ ಹಬ್ಬದ ಮೊದಲೇ ಇಬ್ಬರನ್ನು ಬದಲಿಸುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಹೆಂಡತಿಗೆ ಹೇಳಿದಾಗ ಅವಳು ವಾದ ಮಾಡಲಿಲ್ಲ. ಹತ್ತು ಸಾವಿರದ ಒಳಗೆ ಸಿಗುವುದಾದರೆ ತೆಗೆದುಕೊಳ್ಳಿ, ನಾನೂ ಬರುತ್ತೇನೆ ಎಂದಳು.

ಅಂಗಡಿಯವನು ಮೂವತ್ತೈದರ ಆಸುಪಾಸಿನ ತುಳುವ, ತಾಳ್ಮೆಯವನು. ಪುಸ್ತಕದ ಶೆಲ್ಫಿನಲ್ಲಿ ಕೂರುವಂಥ ಮರದ ಪೆಟ್ಟಿಗೆಗಳು ಅವನಲ್ಲಿ ಮೂರು ಜೊತೆ ಇದ್ದವು. ಪ್ರತಿ ಪೆಟ್ಟಿಗೆಯಲ್ಲೂ ತಗ್ಗಿನ ಸ್ವರಕ್ಕೆ ಒಂದು ದೊಡ್ಡ ಕೋನ್, ಅದರ ಮೇಲೆ ಎತ್ತರದ ಸ್ವರಕ್ಕೆ ಕೋಟಿನ ಗುಂಡಿಯಷ್ಟೇ ದೊಡ್ಡ ಟ್ವೀಟರ್. ಗೋಡೆಗೆ ಒತ್ತಿ ಇಡಬೇಡಿ, ದನಿ ಗುಂಯ್ ಅನ್ನುತ್ತದೆ ಎಂದ. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಲಿ ಎಂದೂ ಹೇಳಿದ.

ಮೊದಲ ಜೊತೆಯಲ್ಲಿ ನನ್ನ ರೆಕಾರ್ಡಿಂಗ್ ಹಾಕಿಸಿದೆ. ಬಲಗಡೆಯದ್ದು ಮಂಕಾಗಿತ್ತು. ಹೇಳಿದೆ. ಎರಡನೆಯ ಜೊತೆ ತಂದಿಟ್ಟ. ಅದರಲ್ಲೂ ಬಲಗಡೆಯದ್ದು ಮಂಕು. ಮೂರನೆಯದೂ ಹಾಗೇ. ಈಗಿನ ಕಂಪನಿಗಳ ಕೆಲಸವೇ ಇಷ್ಟು ಎಂದು ನಾನು ಸಣ್ಣ ಭಾಷಣ ಶುರು ಮಾಡಿದೆ.

"ಮೂರು ಕಂಪನಿಯವರೂ ಮಾತಾಡಿಕೊಂಡು ಬಲಗಡೆಯದ್ದನ್ನೇ ಹಾಳು ಕಳಿಸಿದ್ದಾರಾ ಪೊರ್ಬುಗಳೇ?" ಎಂದ ಅವನು. ನಮ್ಮ ಕ್ರೈಸ್ತರನ್ನು ತುಳುವರು ಕರೆಯುವುದು ಹಾಗೆ.

ಅಂಗಡಿಯಲ್ಲಿ ಇನ್ನೊಬ್ಬರಿದ್ದರು. ಶಕ್ತಿನಗರದ ಹಿರಿಯರು, ಹಿಂದೆ ಹೋಟೆಲ್ ನಡೆಸಿದವರು, ರೇಡಿಯೋ ರಿಪೇರಿಗೆ ಕೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅವರು ನಕ್ಕರು. ನನಗೆ ಸಿಟ್ಟು ಬಂತು.

ಅಂಗಡಿಯವನು ಎರಡೂ ಪೆಟ್ಟಿಗೆಗಳನ್ನು ವಯರು ಸಮೇತ ಅದಲು ಬದಲು ಮಾಡಿದ. ಮೊಬೈಲಿನ ರೆಕಾರ್ಡಿಂಗ್, ಎರಡರಲ್ಲೂ ಬರುವುದು ಒಂದೇ ದನಿ ಎಂದೂ ವಿವರಿಸಿದ. ಮತ್ತೆ ಹಾಕಿದ. ಈಗಷ್ಟೇ ಎಡಕ್ಕಿದ್ದಾಗ ಸ್ವಚ್ಛವಾಗಿದ್ದ ಪೆಟ್ಟಿಗೆ ಬಲಕ್ಕೆ ಬಂದದ್ದೇ ಮಂಕಾಯಿತು. ಗೋಡೆಯ ದೋಷ ಇರಬೇಕು ಎಂದೆ.

ಆಗ ಹೆಂಡತಿ, ನಮ್ಮ ಕೊಂಕಣಿಯಲ್ಲಿ, ತಗ್ಗಿದ ದನಿಯಲ್ಲಿ ಹೇಳಿದಳು: "ಒಮ್ಮೆ ತಿರುಗಿ ನಿಲ್ಲಿ."

ಸ್ಪೀಕರಿಗೆ ಬೆನ್ನು ಹಾಕಿ ಬಾಗಿಲ ಕಡೆ ತಿರುಗಿದೆ. ಗಾಜಿನಾಚೆ ಹೆದ್ದಾರಿಯ ಕಡೆ ಹೋಗುವ ಲಾರಿಯೊಂದು ಏರಿನಲ್ಲಿ ಗೇರ್ ಬದಲಿಸಿತು. ಅದರ ಗುಡುಗು ಎರಡೂ ಕಿವಿಗೆ ಸಮನಾಗಿ ಕೇಳಿತು. ಹಾಡು ಮಾತ್ರ ಹಾಗೆ ಕೇಳಲಿಲ್ಲ. ಮಂಕುತನ ಒಂದು ಪೆಟ್ಟಿಗೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಿತ್ತು. ಅದು ಇದ್ದದ್ದು ಗೋಡೆಯಲ್ಲೂ ಅಲ್ಲ, ಮರದಲ್ಲೂ ಅಲ್ಲ. ನನ್ನ ಬಲಗಿವಿಯಲ್ಲಿ.

ಹಾಡು ಪೂರ್ತಿ ಮುಗಿಯುವವರೆಗೂ ಬಾಗಿಲ ಕಡೆ ಮುಖ ಮಾಡಿಯೇ ಕೇಳಿದೆ. ಅಂಗಡಿಯವನು ಒಂದು ಸ್ಟೂಲು ತಂದಿಟ್ಟ.

"ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದೆ. ಮನೆಯಲ್ಲಿ ಅವಳಿಗೆ ನಾನು ನೀವು ಎನ್ನುವವನಲ್ಲ. ಆ ಹೊತ್ತಿನಲ್ಲಿ ಹಾಗೆ ಬಂತು.

"ಎಂಟು ತಿಂಗಳಿಂದ ನಾನು ನಿಮ್ಮ ಎಡಗಡೆಯೇ ನಡೆಯುವುದು. ಹೇಳಿದರೆ ನೀವು ನಂಬುವವರಲ್ಲ. ನೀವೇ ಕೇಳಬೇಕಿತ್ತು" ಎಂದಳು.

ಕುರ್ಚಿಯಲ್ಲಿದ್ದ ಹಿರಿಯರು ತಮ್ಮ ಕಿವಿಯಿಂದ ಮಿಷನ್ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. "ಹೆದರಬೇಡಿ ಮಾರಾಯ್ರೆ. ಇದು ಹಾಕಿದ ಮೇಲೆ ನನಗೆ ಎಲ್ಲ ಕೇಳ್ತದೆ. ಸೊಸೆ ಬೈಯುವುದೂ ಕೇಳ್ತದೆ, ಅದೊಂದೇ ಉಪದ್ರ."

ನಾನು ನಕ್ಕೆ. ಆ ನಗು ಬಾರದಿದ್ದರೆ ಅಲ್ಲಿಂದ ಖಾಲಿ ಕೈಯಲ್ಲೇ ಹೊರಡುತ್ತಿದ್ದೆನೋ ಏನೋ. ಬದಲಿಗೆ ಹೆಂಡತಿಯನ್ನು ಟೈಲ್ಸಿನ ಅದೇ ಜಾಗದಲ್ಲಿ ನಿಲ್ಲಿಸಿ, ನೀನೇ ಆರಿಸು ಎಂದೆ. ಅವಳು ಮೂರೂ ಜೊತೆಗಳನ್ನು ಕಣ್ಣು ಮುಚ್ಚಿ ಕೇಳಿದಳು. ಒಂದರಲ್ಲಿ ತಗ್ಗಿನ ಸ್ವರ ಉಬ್ಬುತ್ತದೆ, ಇನ್ನೊಂದರಲ್ಲಿ ಎಲ್ಲರಿಗೂ ನೆಗಡಿಯಾದ ಹಾಗೆ ಎಂದಳು. ಅತಿ ಚಿಕ್ಕದನ್ನು, ಅತಿ ಅಗ್ಗದ್ದನ್ನು ಆರಿಸಿದಳು. ಇದರಲ್ಲಿ ನಮ್ಮವರು ನಮ್ಮವರ ಹಾಗೇ ಕೇಳುತ್ತಾರೆ ಎಂದಳು. ಹಿಂದಿನ ವಾರ ಬದಲಿಸಬೇಕೆಂದಿದ್ದ ಇಬ್ಬರ ದನಿ ಅದರಲ್ಲಿ ಹೇಗಿದೆ ಎಂದು ಕೇಳಿದೆ. ಕಿರುಚುತ್ತಿದ್ದಾರೆ, ಪಾಪ, ನೀವು ಹೇಳಿದ್ದಕ್ಕೆ ಎಂದಳು.

ವೈದ್ಯರು ಪರೀಕ್ಷಿಸಿದರು. ಬಲಗಿವಿಗೆ ಎತ್ತರದ ಸ್ವರಗಳು ಹೋಗಿವೆ, ಅವು ಮರಳುವುದಿಲ್ಲ, ಎಡಗಿವಿ ಚೆನ್ನಾಗಿದೆ ಎಂದರು. ಮುಂದಿನ ಅಭ್ಯಾಸದ ದಿನ ಆರು ಮಂದಿಯ ಎದುರು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿ ಕ್ಷಮೆ ಕೇಳಿದೆ. ಮಂಡಳಿ ಬಿಡುತ್ತೇನೆ ಎಂದೂ ಹೇಳಿದೆ. ಅವರಲ್ಲಿ ಹಿರಿಯಳು ಕುವೈತಿನಲ್ಲಿ ನರ್ಸ್ ಆಗಿದ್ದವಳು. ವರ್ಷವಿಡೀ ಕಾಳುಮೆಣಸಿನ ಕಷಾಯ ಕುಡಿದು ಹಾಡಿದ್ದೇವೆ ಸರ್, ಈಗ ಮೆಲ್ಲ ಹಾಡಿಸದೆ ಬಿಟ್ಟು ಹೋದರೆ ಹೇಗೆ ಎಂದು ಕೇಳಿದಳು. ಒಂದು ಎಕ್ಸ್‌ಟೆನ್ಶನ್ ಬೋರ್ಡ್ ತಂದೆವು. ಕೀಬೋರ್ಡ್ ಬಲಕ್ಕೆ ಹೋಯಿತು, ಅವರು ಎಡಕ್ಕೆ ಬಂದರು. ಒಂಬತ್ತು ದಿನವೂ ನಾನೇ ಹಾಡಿಸಿದೆ. ಅಷ್ಟು ಮೃದುವಾಗಿ ಅವರು ಹಾಡಿದ್ದನ್ನು ಒಂದು ವರ್ಷದಿಂದ ನಾನು ಕೇಳಿರಲಿಲ್ಲ. ಈಗಲೂ ಮಂಡಳಿ ನನ್ನ ಕೈಯಲ್ಲೇ ಉಂಟು.

ಆದರೆ ನಮ್ಮ ಕಡೆ ಈ ಸಂಗತಿಯನ್ನು ಬೇರೆ ಬೇರೆ ಥರ ಹೇಳುತ್ತಾರೆ. ನಾನು ಅಂಗಡಿಯಲ್ಲಿ ಬಿದ್ದೆ ಎಂದು ಕೆಲವರು, ಹೆಂಗಸರು ಪಾದ್ರಿಗಳಿಗೆ ದೂರು ಕೊಟ್ಟರು ಎಂದು ಕೆಲವರು. ಎರಡೂ ಸುಳ್ಳು. ಕಂಡದ್ದು ಮೂವರು. ರೇಡಿಯೋ ರಿಪೇರಿಗೆ ಬಂದಿದ್ದ ಹಿರಿಯರು ಹೋದ ವರ್ಷ ತೀರಿಕೊಂಡರು. ಅಂಗಡಿಯವನು ಇದ್ದಾನೆ, ಅದೇ ಅಂಗಡಿಯಲ್ಲಿ. ನನ್ನ ಹೆಂಡತಿ ಇದ್ದಾಳೆ.