ಸಿಡಿಲಿಗೆ ಹೆದರುವುದನ್ನು ಕಲಿಸಿದ ಮೇಡಂ

ನಮ್ಮ ವಿಜ್ಞಾನದ ಮೇಡಂ ಅವರ ಎಡಗೈಯಲ್ಲಿ ಗಡಿಯಾರ ಕಟ್ಟುವಷ್ಟು ಜಾಗ ಮಾತ್ರ ಬೆಳ್ಳಗಿತ್ತು. ಉಳಿದ ಕೈಯೆಲ್ಲ ಬಿಸಿಲಿಗೆ ಕಂದಿಹೋಗಿತ್ತು. ಮೊಳಕಾಲ್ಮುರಿನಿಂದ ಬಿ.ಜಿ. ಕೆರೆ ಕಡೆಯ ನಮ್ಮೂರ ಶಾಲೆಗೆ ದಿನಾ ಸ್ಕೂಟಿಯಲ್ಲಿ ಬರುತ್ತಿದ್ದರು.

ಭಾದ್ರಪದದಲ್ಲಿ ನಮ್ಮ ಕಡೆ ಆಕಾಶವನ್ನು ನಂಬುವಂತಿಲ್ಲ. ಮಧ್ಯಾಹ್ನ ಬಂಡೆ ಸುಡುವ ಬಿಸಿಲು. ಮೂರು ಗಂಟೆಗೆ ಗಾಳಿ ತಟ್ಟನೆ ನಿಂತು, ಕೆಂಪು ಧೂಳೆದ್ದು, ಗುಡುಗು ಶುರು. "ಮಳೆ ಬರ್ಲಿ ಬಿಡ್ಲಿ, ಗುಡುಗಿದ್ರೆ ಮರ ಬಿಡಬೇಕು" ಎಂದು ಮೇಡಂ ನಮ್ಮಿಂದ ನೂರು ಸಲ ಹೇಳಿಸಿದ್ದರು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ, ಅವ್ವ ಮತ್ತು ಆರು ಹೆಂಗಸರು ರಸ್ತೆ ಬದಿಯ ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದರು. ಗುಡುಗಿದ್ದೇ ತಡ, ಎಲ್ಲರೂ ಹುಣಸೆಮರದಡಿ ಸೇರಿದರು. ಮನೆಗೆ ಹೊರಟಿದ್ದ ಮೇಡಂ ಸ್ಕೂಟಿ ನಿಲ್ಲಿಸಿ ಬದು ಹತ್ತಿ ಓಡಿಬಂದರು.

"ಮರದ ಕೆಳಗಿಂದ ಬರ್ರೀ!"

"ನೆನೀತೀವಲ್ರೀ ಮೇಡಂ?" ಅಂದಳು ಅವ್ವ.

"ನೆಂದ್ರೆ ಒಣಗ್ತೀರಿ, ಬರ್ರೀ!"

ಕೈಹಿಡಿದು ಎಳೆದೊಯ್ದು, ದೂರದ ತಗ್ಗಿನಲ್ಲಿ ಒಬ್ಬೊಬ್ಬರನ್ನೂ ಬಿಡಿಬಿಡಿಯಾಗಿ ಕುಕ್ಕರಗಾಲಲ್ಲಿ ಕೂರಿಸಿದರು. ಎಲ್ಲರೂ ತೊಯ್ದು ತೊಪ್ಪೆಯಾದರು. ಸಿಡಿಲು ಮಾತ್ರ ಬೀಳಲಿಲ್ಲ. "ಮೇಡಂ ಹೆಂಗಸರಿಗೆ ಸ್ನಾನ ಮಾಡಿಸಿದ್ರಂತೆ" ಎಂದು ಊರು ವಾರಪೂರ್ತಿ ನಕ್ಕಿತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹೊಲದ ಯಜಮಾನನಂತೂ ಮರುದಿನವೇ ಶಾಲೆಗೆ ಬಂದು ರೇಗಿದ್ದ: "ನಮ್ಮ ಕೆಲಸ ಕೆಡಿಸ್ತೀರಲ್ರೀ!"

"ಬೈಯಿರಿ ಯಜಮಾನ್ರೇ. ಏಳೂ ಜನ ಇವತ್ತು ಕೆಲಸಕ್ಕೆ ಬಂದಿದಾರಲ್ಲ, ನನಗಷ್ಟು ಸಾಕು" ಎಂದು ಮೇಡಂ ಪಾಠಕ್ಕೆ ತಿರುಗಿದರು.

ಮರುವರ್ಷ ಅದೇ ದಿನಗಳು, ಅದೇ ಹೊಲ. ಧೂಳೆದ್ದಾಗ ಹೆಂಗಸರು ಅಭ್ಯಾಸಬಲದಿಂದ ಮರದತ್ತ ಓಡಿದರು. ಅಡ್ಡ ನಿಂತವಳು ಅವ್ವ. "ಮೇಡಂ ಹೇಳಿದ್ದು ಮರೆತ್ರೇನ್ರೇ? ಬರ್ರೇ ಈ ಕಡೆ!" ಗೊಣಗುತ್ತಲೇ ಎಲ್ಲರೂ ತಗ್ಗಿಗಿಳಿದು ಕೂತರು. ಸ್ವಲ್ಪ ಹೊತ್ತಿನಲ್ಲೇ ಸಿಡಿಲು ಹುಣಸೆಮರವನ್ನು ಬುಡದವರೆಗೆ ಸೀಳಿತು.

ಮರುದಿನ ಸುದ್ದಿ ಕೇಳಿದ ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಕ್ಲಾಸಿಗೆ ಬಂದು, "ಎಲ್ಲರನ್ನೂ ಉಳಿಸಿದ ಆ ತಾಯಿಯ ಮಗಳು ಯಾರು? ಎದ್ದು ನಿಂತ್ಕೋ" ಅಂದರು. ನಾನು ಎದ್ದೆ. ಮೊದಲು ಚಪ್ಪಾಳೆ ತಟ್ಟಿದವರು ಮೇಡಂ.

ಹೋದ ವರ್ಷ ಮೇಡಂ ತೀರಿಕೊಂಡರು. ಅವ್ವನನ್ನು ಕರೆದುಕೊಂಡು ಮೊಳಕಾಲ್ಮುರಿಗೆ ಹೋಗಿದ್ದೆ. ಅವರ ಮನೆಯ ಜಗಲಿಯಲ್ಲಿ ಯಾರೋ ನೆಂಟರು, "ನೀವು ಅವರಿಗೆ ಏನಾಗಬೇಕು?" ಎಂದು ಕೇಳಿದರು.

ಶಾಲೆಯ ಮೆಟ್ಟಿಲನ್ನೇ ಹತ್ತದ ನನ್ನ ಅವ್ವ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದಳು: "ನಾನು ಅವರ ಹತ್ರ ಕಲಿತೋಳು ಕಣ್ರೀ."