ಹಾಲಿಲ್ಲ ಎಂದು ಹೇಳಲು ಹೋದವಳು

ಮಖ್ತಲದ ಹುಸೇನಮ್ಮನಿಗೆ ಇದ್ದದ್ದು ಒಂದು ಎಮ್ಮೆ, ನಾಲ್ಕು ಮನೆಯ ಗಿರಾಕಿ. ಗಂಡ ತೀರಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಹಾಲಿನ ನೆಪದಲ್ಲಿ ಬೆಳಿಗ್ಗೆ ನಾಲ್ಕು ಬಾಗಿಲು ತೆರೆಯುತ್ತಿದ್ದವು, ನಾಲ್ಕು ಮಾತು ಸಿಗುತ್ತಿದ್ದವು. ಆ ಮಾತಿನ ಮೇಲೆಯೇ ಅವಳು ಮರುದಿನದವರೆಗೂ ಬದುಕುತ್ತಿದ್ದಳು. ಊರಿಗೆ ಅದೇನು ಗೊತ್ತು? ಊರಿಗೆ ಹಾಲು ಗೊತ್ತಿತ್ತು.

ಎಮ್ಮೆಗೆ ಕೆಚ್ಚಲು ಬಾವು ಬಂತು. ಮುಟ್ಟಿದರೆ ಕಲ್ಲು, ಹಿಂಡಿದರೆ ಕೀವು. ದನದ ದವಾಖಾನೆಯ ಡಾಕ್ಟರ್ ಉದಯಕುಮಾರ ಬಂದು, ಸೀಸೆಯ ಬಿಳಿ ಪುಡಿಗೆ ನೀರು ಬೆರೆಸಿ ಸೂಜಿ ಚುಚ್ಚಿದ.

"ಇದು ಸೆಫ್ಟ್ರಿಯಾಕ್ಸೋನ್, ಬಲವಾದ ಮದ್ದು. ಐದು ದಿನ ಸೂಜಿ ತಪ್ಪಂಗಿಲ್ಲ. ನಾ ಹೇಳೂತನಕ ಹಾಲು ಯಾರಿಗೂ ಹಾಕಬ್ಯಾಡ್ರಿ. ಮದ್ದು ಹಾಲಿನಾಗ ಇಳೀತೈತಿ."

ಹಾಲು ನೆಲಕ್ಕೆ ಚೆಲ್ಲಿದರೆ ಕೆಚ್ಚಲು ಬತ್ತುತ್ತದೆ ಎಂದು ಅವಳ ಅತ್ತೆ ಹೇಳುತ್ತಿದ್ದಳು. ಹುತ್ತಕ್ಕೆ ಎರೆಯೋಣವೆಂದರೆ ನಾಗಪ್ಪನಿಗೆ ಮದ್ದಿನ ಹಾಲು ಕೊಡಲು ಮನಸ್ಸು ಬರಲಿಲ್ಲ. ಕೊನೆಗೆ ಬೇವಿನ ಬುಡಕ್ಕೆ ಸುರಿದು ಕೈಮುಗಿದಳು. ಆಮೇಲೆ ಕ್ಯಾನು ತೊಳೆದು, ಖಾಲಿಯನ್ನೇ ಹಿಡಿದು ಹೊರಟಳು. ಹಾಲಿಲ್ಲ ಎಂದು ಹೇಳುವುದಕ್ಕೂ ಬಾಗಿಲು ತಟ್ಟಬೇಕಲ್ಲ! ಒಂದು ದಿನ ಹೇಳಿದರೆ ಸಾಕಿತ್ತು. ಅವಳು ದಿನಾ ಹೋಗಿ ಹೇಳಿದಳು.

ನಾಲ್ಕನೇ ದಿನ ಬಾವು ಇಳಿದು ಹಾಲು ಬೆಳ್ಳಗೆ ಬಂತು. ಮೂರು ಮನೆ ಮುಗಿಸಿ ಶಿವರಂಜನಿಯ ಬಾಗಿಲಿಗೆ ಬಂದವಳು ಬಾಯಿ ತಡೆಯದೆ ಅದನ್ನೂ ಹೇಳಿಬಿಟ್ಟಳು. ಶಿವರಂಜನಿಯ ಸೊಂಟದ ಮೇಲೆ ವರ್ಷದ ಕೂಸು.

"ಬೆಳ್ಳಗ ಐತಿ ಅಂದ್ರ ನಾಳಿಂದ ಹಾಕು. ಚೆಲ್ಲಾಕ ನಿನಗೇನು ಹುಚ್ಚೇನು?"

ಹೂಂ ಅಂದಿದ್ದರೆ ಬಾಗಿಲು ಉಳಿಯುತ್ತಿತ್ತು. ಹುಸೇನಮ್ಮ ಕೂಸಿನ ಮುಖ ನೋಡಿದಳು. "ಇಲ್ಲವ್ವಾ. ಬೆಳ್ಳಗಿದ್ದರೂ ಅದರಾಗ ಮದ್ದು ಐತಿ."

"ಹಂಗಾರ ಹಾಲು ಇದ್ದಾಗ ಬಾ. ಅಲ್ಲೀತನಕ ನಾವೆಲ್ಲಾ ಪ್ಯಾಕೆಟ್ ತರ್ತೀವಿ. ಸುಮ್ನ ಯಾಕ ದಿನಾ ಕಾಲು ನೋಯಿಸ್ಕೊಂತಿ?"

ಕರುಣೆಯಿಂದಲೇ ಹೇಳಿದಳು. ಬೈದಿದ್ದರೆ ಹುಸೇನಮ್ಮನಿಗೆ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ಕೊನೆಯ ಸೂಜಿ ಚುಚ್ಚಿದ ಉದಯಕುಮಾರ, "ಇನ್ನೊಂದು ವಾರ ತಡೀರಿ," ಎಂದು ಹೇಳಿ ಹೋದ. ವಾರವೆಂದರೆ ಏಳು ಬೆಳಗು. ಅದರ ಮೊದಲ ಬೆಳಗು ಹಾಲನ್ನು ಬೇವಿಗೆ ಸುರಿದು, ಕ್ಯಾನನ್ನು ಗೂಟಕ್ಕೆ ಸಿಕ್ಕಿಸಿದಳು. ಹೊರಡುವ ಹೊತ್ತಾಗಿತ್ತು, ಕಾಲು ನಿಲ್ಲಲಿಲ್ಲ. ಅಂಗಳಕ್ಕೆ ಬಂದು ತನ್ನ ಬಾಗಿಲನ್ನು ತಾನೇ ಎಳೆದುಕೊಂಡು, ಹೊರಗಿನಿಂದ ಎರಡು ಸಲ ತಟ್ಟಿದಳು.

"ಇವತ್ತೂ ಹಾಲಿಲ್ರೀ," ಎಂದಳು.

ಎಮ್ಮೆ ಕಿವಿ ಆಡಿಸಿತು.